ಕಾರಿನಂಗಡಿಯಲ್ಲಿ ಪ್ರಾರ್ಥನೆ

"ನನ್ನ ಕಾರಿನ ಕೀ ಎಲ್ಲಪ್ಪಾ?" ಎಂದು ಓಝೆಲ್ಲಾ ಮತ್ತೆ ಕೇಳಿದಳು.

"ಬರುತ್ತೆ ತಾಯಿ. ನಮ್ಮ ಹುಡುಗ್ರು ಇನ್ನೂ ಕಾರು ಪರೀಕ್ಷೆ ಮಾಡ್ತಾ ಇದ್ದಾರೆ" ಎಂದ ಅಂಗಡಿಯ ಮಾರಾಟಗಾರ ಡಾರ್ನೆಲ್.

ಗಾಜಿನ ಗೋಡೆಯಾಚೆ ಅವಳ ಹಳೆಯ ನೀಲಿ ಕಾರು ಅಲಬಾಮಾದ ಬಿಸಿಲಿನಲ್ಲಿ ನಿಂತಿತ್ತು. ಅದರ ಹತ್ತಿರ ಒಂದು ನಾಯಿಯೂ ಇರಲಿಲ್ಲ. ಗಂಡ ಹೊರೇಸ್ ತೀರಿಕೊಂಡ ಮೇಲೂ ಆ ಕಾರನ್ನು ಬಿಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಡಾರ್ನೆಲ್ ಅವಳ ಚರ್ಚಿನ ಸಭೆಯವನೇ. ಭಾನುವಾರ ಹಾಡುವವರ ಮುಂದಿನ ಸಾಲಿನಲ್ಲಿ ನಿಲ್ಲುವವನು, ಹೊರೇಸನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. "ಹಳೇದಕ್ಕೆ ಐದು ಸಾವಿರ ಡಾಲರ್ ಕೊಡಿಸ್ತೀನಿ ತಾಯಿ, ಅದನ್ನ ಹೊಸ ಕಾರಿನ ಬೆಲೇಲಿ ಕಳೀತಾರೆ" ಎಂದು ಅವನು ಫೋನಿನಲ್ಲಿ ಹೇಳಿದ್ದಕ್ಕೇ ಅವಳು ಮನಸ್ಸು ಗಟ್ಟಿಮಾಡಿಕೊಂಡು ಬಂದದ್ದು. ಬಂದು ಕುಳಿತ ಮೇಲೆ ಐದು ಸಾವಿರ ಎರಡು ಸಾವಿರವಾಯಿತು. ಧಣಿಯನ್ನು ಕೇಳಿ ಬರುತ್ತೇನೆಂದು ಡಾರ್ನೆಲ್ ಹೊತ್ತುಹೊತ್ತಿಗೂ ಗಾಜಿನ ಕೋಣೆಗೆ ಹೋಗುತ್ತಿದ್ದ. ಒಳಗೆ ಅವನೂ ಧಣಿ ಹ್ಯಾಗನ್ನನೂ ಕರಿದ ಕೋಳಿ ತಿನ್ನುತ್ತ ನಗುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಅವಳ ಕೀಲಿಕೈಯ ಕೆಂಪು ಪಟ್ಟಿ ಹ್ಯಾಗನ್ನನ ಅಂಗಿಯ ಜೇಬಿನಿಂದ ಇಣುಕುತ್ತಿದ್ದುದೂ ಕಾಣುತ್ತಿತ್ತು.

ಈ ಸಲ ಡಾರ್ನೆಲ್ ಸೋತ ಮುಖ ಹಾಕಿಕೊಂಡು ಬಂದ. "ನಿಮಗೋಸ್ಕರ ಜಗಳಾನೇ ಆಡಿಬಿಟ್ಟೆ ತಾಯಿ. ಎರಡೂವರೆ ಸಾವಿರ ಅಂತಿದ್ದಾರೆ."

"ಬಾಯಿ ಒರೆಸ್ಕೊ. ಜಗಳದ ಎಣ್ಣೆ ಇನ್ನೂ ತುಟಿ ಮೇಲಿದೆ" ಎಂದಳು ಓಝೆಲ್ಲಾ. "ನಂಗೆ ನಿಮ್ಮ ಹೊಸ ಕಾರೂ ಬೇಡ, ಏನೂ ಬೇಡ. ಕೀ ಕೊಡು, ಮನೆಗೆ ಹೋಗ್ತೀನಿ."

"ಕೋಪದಲ್ಲಿ ತೀರ್ಮಾನ ಮಾಡಬಾರ್ದು ತಾಯಿ. ಬನ್ನಿ, ಪ್ರಾರ್ಥನೆ ಮಾಡೋಣ." ಅವಳು ಹೂಂ ಅನ್ನುವುದರೊಳಗೆ ಅವನು ಅವಳ ಎರಡೂ ಕೈ ಹಿಡಿದು ಕಣ್ಣು ಮುಚ್ಚಿದ. "ಕರ್ತನೇ, ಈ ತಾಯಿಯ ಮನಸ್ಸನ್ನ ಮೃದು ಮಾಡು. ಹೊರೇಸ್ ಇದ್ದಿದ್ರೆ ಇವರನ್ನ ಹಳೇ ಕಾರಲ್ಲಿ ಒಂಟಿಯಾಗಿ ಓಡಾಡೋಕೆ ಬಿಡ್ತಿರಲಿಲ್ಲ. ಸಹಿ ಹಾಕೋ ಧೈರ್ಯ ಕೊಡು. ಆಮೆನ್."

ಹೊರೇಸನ ಹೆಸರು ಅವನ ಬಾಯಲ್ಲಿ ಬಂದದ್ದೇ ಓಝೆಲ್ಲಾಳ ಮೈ ಉರಿದುಹೋಯಿತು. ಹೊರೇಸ್ ಕೊನೆಯುಸಿರು ಎಳೆಯುತ್ತಿದ್ದಾಗ ಅವಳು ಕರೆದದ್ದೂ ಇದೇ ಕರ್ತನನ್ನು. ಆ ಹೆಸರನ್ನು ಇವನು ದಳ್ಳಾಳಿಯ ಹಾಗೆ ನಡುವೆ ನಿಲ್ಲಿಸಿದ್ದ. ಡಾರ್ನೆಲ್ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ನಿಂದಾಯ್ತಲ್ಲ? ಈಗ ನಂದು" ಎಂದಳು. "ಕರ್ತನೇ!"

ಬುಧವಾರದ ಪ್ರಾರ್ಥನಾಕೂಟಗಳನ್ನು ನಡೆಸಿ ನಡೆಸಿ ಪಳಗಿದ ಕಂಠ ಅದು. ಅಂಗಡಿಯ ಸೂರಿಗೆ ಹೋಗಿ ತಾಗಿತು. ಆ ಊರಿನಲ್ಲಿ ಯಾರು ಪ್ರಾರ್ಥಿಸಿದರೂ ಆಮೆನ್ ಅನ್ನುವ ತನಕ ಉಳಿದವರು ತಲೆ ತಗ್ಗಿಸಿರಬೇಕು, ನಡುವೆ ಬಾಯಿ ಹಾಕಬಾರದು. ಕಳ್ಳನೂ ಆ ಮಾತು ಮೀರನು. ಎಣ್ಣೆಗೈಯ ಮೆಕ್ಯಾನಿಕ್ ಟೋಪಿ ತೆಗೆದ. ಕೆಂಪು ಟ್ರಕ್ಕಿನ ಬೆಲೆ ಕೇಳುತ್ತಿದ್ದ ಗಂಡಹೆಂಡಿರು ಮಾತು ನಿಲ್ಲಿಸಿ ತಲೆ ಬಾಗಿಸಿದರು. ಏನು ಗಲಾಟೆಯೆಂದು ಸಿಡುಕುತ್ತ ಹೊರಗೆ ಬಂದ ಹ್ಯಾಗನ್, ಎಲ್ಲರ ತಲೆ ತಗ್ಗಿದ್ದು ನೋಡಿ ಬಾಗಿಲಲ್ಲೇ ನಿಂತು ತಾನೂ ತಗ್ಗಿಸಿದ.

"ಕರ್ತನೇ, ನಿನ್ನ ಕಣ್ಣಿಗೆ ಕಾಣದ್ದು ಏನಿದೆ? ಹುಡುಗರು ಪರೀಕ್ಷೆ ಮಾಡ್ತಿದ್ದಾರೆ ಅಂತಾರೆ. ನನ್ನ ಕಾರು ಹೊರಗೆ ಅನಾಥವಾಗಿ ನಿಂತಿದೆ. ಅದರ ಕೀ ಇವರ ಧಣಿ ಜೇಬಲ್ಲಿದೆ. ಕೇಳಿ ಕೇಳಿ ನನ್ನ ನಾಲಿಗೆ ಒಣಗಿತು, ಕೊಡಲಿಲ್ಲ."

"ಹೌದು ಕರ್ತನೇ" ಎಂದ ಮೆಕ್ಯಾನಿಕ್, ಅಭ್ಯಾಸಬಲದಿಂದ.

"ಫೋನಲ್ಲಿ ಐದು ಅಂದ ನಾಲಿಗೆ ಇಲ್ಲಿ ಎರಡು ಅಂತು. ಆ ನಾಲಿಗೇನ ನೀನೇ ಕಾಪಾಡು ತಂದೆ, ನಿನ್ನ ಸ್ತುತಿ ಹಾಡೋದೂ ಅದೇನೇ."

"ಹೌದು, ಹೌದು" ಎಂದಳು ಟ್ರಕ್ಕಿನ ಪಕ್ಕದ ಹೆಂಗಸು. ಬೆಲೆಯ ಚೀಟಿಯ ಮೇಲಿದ್ದ ಗಂಡನ ಕೈಯನ್ನು ಮೆಲ್ಲಗೆ ಎಳೆದಳು.

"ತಾಯಿ, ಸಾಕು..." ಎಂದು ಡಾರ್ನೆಲ್ ಪಿಸುಗುಟ್ಟಿದ.

"ಕಣ್ಣು ಮುಚ್ಚು. ಪ್ರಾರ್ಥನೆ ನಡೀತಿದೆ." ಅವಳ ದನಿ ಇನ್ನೂ ಏರಿತು. "ನನ್ನ ಯಜಮಾನನ ಪೆಟ್ಟಿಗೆ ಹೊತ್ತ ಕೈ ಕರ್ತನೇ ಇದು. ಅವತ್ತು ಈ ಕೈಗೆ ಮುತ್ತಿಟ್ಟಿದ್ದೆ. ಇವತ್ತು ಇದು ನನ್ನ ಕೈಯಲ್ಲಿ ಬೆವರ್ತಾ ಇದೆ. ಯಾಕೆ ಅಂತ ನೀನೇ ಇವನನ್ನ ಕೇಳು. ನಾನು ಕೇಳಿದ್ರೆ ಧಣೀನ ಕೇಳಿ ಬರ್ತೀನಿ ಅಂತಾನೆ!"

ತಗ್ಗಿಸಿದ ತಲೆಯನ್ನು ಎತ್ತದೆಯೇ ಹ್ಯಾಗನ್ ಜೇಬಿಗೆ ಕೈ ಹಾಕಿದ. ತುದಿಗಾಲಿನಲ್ಲಿ ಬಂದು ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಹಾಗೆಯೇ ಹಿಂದಕ್ಕೆ ಸರಿದು ನಿಂತ.

ಓಝೆಲ್ಲಾ ಡಾರ್ನೆಲನ ಕೈ ಬಿಟ್ಟಳು. ಕೀಲಿಕೈ ತೆಗೆದುಕೊಂಡಳು, ಕೈಚೀಲ ತೋಳಿಗೆ ಹಾಕಿಕೊಂಡಳು, ಯಾರನ್ನೂ ನೋಡದೆ ಬಾಗಿಲ ಕಡೆ ನಡೆದಳು. ಮಂಡಿ ನೋಯುತ್ತಿತ್ತು. ಆದರೂ ಎಲ್ಲಿಯೂ ಕೈಯೂರಲಿಲ್ಲ.

ಟ್ರಕ್ಕಿನ ಪಕ್ಕದ ಹೆಂಗಸು ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು: "ಅಜ್ಜೀ, ಆಮೆನ್ ಹೇಳಲೇ ಇಲ್ಲವಲ್ಲ ನೀವು?"

ಓಝೆಲ್ಲಾ ತಿರುಗಿ ನೋಡಿದಳು. ಡಾರ್ನೆಲ್ ಬರಿಗೈ ಮುಂದೆ ಚಾಚಿಕೊಂಡು, ಕಣ್ಣು ಮುಚ್ಚಿಕೊಂಡೇ ನಿಂತಿದ್ದ.

"ಇನ್ನೂ ಮುಗಿದಿಲ್ಲ ಮಗಳೇ" ಎಂದಳು, ಅವನಿಗೂ ಕೇಳುವ ಹಾಗೆ. "ಉಳಿದದ್ದು ಭಾನುವಾರ, ಸಭೆಯಲ್ಲಿ."