ಹಾಲು ನೋಡುವ ಚಿಪ್ಪು

ಹೆರಿಗೆಯಾದ ಮೂರನೇ ದಿನ ನರ್ಸಮ್ಮ ವಾಡಿಕೆಯಂತೆ ಗಾಜಿನ ಬಟ್ಟಲು ಹಿಡಿದು ಬಂದರು. ಬಟ್ಟಲಿನ ಶುದ್ಧ ನೀರಿನಲ್ಲಿ ಜೀವಂತ ಕಪ್ಪೆಚಿಪ್ಪೊಂದು ಬಾಯಿ ತೆರೆದು ಕುಳಿತಿತ್ತು. ತಾಯಿಯ ಹಾಲು ಬಿದ್ದ ಮೇಲೂ ಅದು ಹಾಗೆಯೇ ಇದ್ದರೆ ಮಗುವಿಗೆ ಮೊಲೆ ಕೊಡಬಹುದು. ಹಾಲಿನಲ್ಲಿ ಪ್ಲಾಸ್ಟಿಕ್ ಪುಡಿ ಇದ್ದರೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಡಬ್ಬಿಯ ಹಾಲೇ ಗತಿ.

"ನನ್ ಮಗಳದು ಅಪ್ಪಟ ಹಾಲು ಕಣ್ರವ್ವ, ನೋಡ್ತಾ ಇರಿ," ಎಂದಳು ಬಾಣಂತಿಯ ತಾಯಿ ದ್ಯಾವಮ್ಮ.

"ಒಸಿ ಸುಮ್ನಿರಿ, ಚಿಪ್ಪಿಗೆ ದೃಷ್ಟಿಯಾದಾತು," ಎಂದು ನರ್ಸಮ್ಮ ನಕ್ಕರು.

ಬಾಣಂತಿ ಹೊಂಬಾಳೆ ಬಟ್ಟಲಿಗೆ ಮೂರು ಹನಿ ಹಾಲು ಹಿಂಡಿದಳು. ಚಿಪ್ಪು ಪಟಕ್ಕನೆ ಮುಚ್ಚಿಕೊಂಡಿತು.

ನರ್ಸಮ್ಮ ಮೆಲ್ಲಗೆ ಕೇಳಿದರು: "ಬಸುರೀಲಿ ಕೆರೆ ಚಿಪ್ಪಿನ ಸಾರು ತಿಂದಿದ್ಯೇನವ್ವ?"

ಕೆರೆಯ ಚಿಪ್ಪಿನಲ್ಲಿ ಪ್ಲಾಸ್ಟಿಕ್ ಪುಡಿ ತುಂಬಿರುತ್ತದೆ, ಬಸುರಿಯರಿಗೆ ಬೇಡವೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಏಳನೇ ತಿಂಗಳಲ್ಲಿ ಮಗಳು ಬಯಕೆಪಟ್ಟಳೆಂದು ಸೊಂಟದವರೆಗೆ ನೀರಿಗಿಳಿದು, ಕಾಲಲ್ಲಿ ಕೆಸರು ತಡವಿ, ಒಂದು ಮಡಿಲು ಚಿಪ್ಪು ಆಯ್ದು ತಂದವಳು ದ್ಯಾವಮ್ಮನೇ. ಏಳು ನೀರಿನಲ್ಲಿ ತೊಳೆದರೆ ಎಲ್ಲ ಹೋಗುತ್ತದೆಂದು ನಂಬಿ ಏಳು ಸಲವೂ ತೊಳೆದಿದ್ದಳು.

"ಇಲ್ಲ ಕಣಕ್ಕ, ಮುಟ್ಟೇ ಇಲ್ಲ," ಎಂದಳು ಹೊಂಬಾಳೆ. ಅವ್ವನ ಕಡೆ ಅವಳು ನೋಡಲಿಲ್ಲ.

ನರ್ಸಮ್ಮ ಹೋದ ಮೇಲೆ ಮಗು ಎದ್ದು ಅಳತೊಡಗಿತು. ಆ ದನಿ ಕೇಳಿದ್ದೇ ಹೊಂಬಾಳೆಯ ರವಿಕೆ ಒದ್ದೆಯಾಯಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

"ಅವ್ವಾ, ಕೂಸ್ನ ನೀನೇ ಎತ್ಕೊ. ನನ್ ತಾವಿದ್ರೆ ಹಾಲಿನ್ ವಾಸ್ನೆಗೆ ಇನ್ನೂ ಅಳ್ತದೆ."

ದ್ಯಾವಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಮಗು ಅಳು ನಿಲ್ಲಿಸಿ, ಅವಳ ಬತ್ತಿದ ಎದೆಗೆ ಮುಖವೊತ್ತಿ ಬಾಯಿಯಿಂದ ತಡಕಾಡತೊಡಗಿತು.