ಚೀಲದಲ್ಲಿ ನಡೆದ ಬೀದಿ

ಬೆಳಗಿನ ವಾಕಿಂಗ್ ಮುಗಿಸಿ ಡ್ರಿಲ್ ಮೇಷ್ಟ್ರು ಬೀದಿಯ ತಿರುವಿಗೆ ಬರುವ ಹೊತ್ತಿಗೆ, ಬಸ್ ಸ್ಟಾಪಿನ ಬೋರ್ಡನ್ನು ಒಬ್ಬ ಏಣಿ ಹತ್ತಿ ಬಿಚ್ಚುತ್ತಿದ್ದ. ಕೆಳಗೆ ಸಾರಿಗೆ ಕಚೇರಿಯ ಅಧಿಕಾರಿ ಕೈಯಲ್ಲಿ ಟ್ಯಾಬ್ ಹಿಡಿದು ನಗುನಗುತ್ತಾ ನಿಂತಿದ್ದರು. ಸುತ್ತ ಬೀದಿಯ ಜನ ಊಟದ ಡಬ್ಬಿ ಹಿಡಿದುಕೊಂಡು ನಗದೆ ನಿಂತಿದ್ದರು. ಮೇಷ್ಟ್ರ ಸೊಸೆಯಂತೂ ಅಳುವುದೊಂದು ಬಾಕಿ.

"ಮಾವ, ನಮ್ಮ ಬಸ್ ತೆಗೆದುಬಿಟ್ರಂತೆ, ಇವತ್ತಿಂದಲೇ," ಎಂದಳು. ಅವಳು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬು ಊರಿನ ಆ ತುದಿಗೆ. ಈ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲ. "ಇನ್ನೊಂದ್ಸಲ ತಡವಾದ್ರೆ ಬರೋದೇ ಬೇಡ ಅಂದಿದಾರೆ. ನನ್ನ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೇ."

ಮೇಷ್ಟ್ರು ಹೆಗಲ ಮೇಲಿನ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು. ಅದರಲ್ಲಿ ಹನ್ನೊಂದು ಫೋನುಗಳಿದ್ದವು. ಒಂದೂ ಅವರದಲ್ಲ.

ಆಗಿದ್ದಿಷ್ಟೆ. ಊರಿನ ಹೊಗೆ ಕಡಿಮೆ ಮಾಡಬೇಕೆಂದು ಸಾರಿಗೆಯವರು ಒಂದು ಆ್ಯಪ್ ಬಿಟ್ಟಿದ್ದರು. ಫೋನು ಜೊತೆಗಿದ್ದರೆ ಸಾಕು, ಯಾರು ಎಲ್ಲಿಗೆ ಹೇಗೆ ಹೋದರೆಂದು ಅದೇ ಬರೆದುಕೊಳ್ಳುತ್ತಿತ್ತು. ಕಾರಿಗೆ ಸೊನ್ನೆ, ಬಸ್ಸಿಗೆ ಎರಡು ಅಂಕ, ಕಾಲ್ನಡಿಗೆಗೆ ಹತ್ತು. ಸರಾಸರಿ ಅಂಕ ಹೆಚ್ಚಿದ್ದವರಿಗೆ ವರ್ಷವಿಡೀ ಪುಕ್ಕಟೆ ಬಸ್ ಪಾಸು. ಪುಕ್ಕಟೆ ಅಂದಮೇಲೆ ಕೇಳಬೇಕೆ? "ಹೇಗೂ ವಾಕಿಂಗ್ ಹೋಗ್ತೀರಲ್ಲ ಮಾವ, ನನ್ನ ಫೋನೂ ಇಟ್ಕೊಳ್ಳಿ" ಎಂದು ಮೊದಲು ಕೊಟ್ಟವಳು ಸೊಸೆ. ಮಾರನೆಯ ದಿನ ಪಕ್ಕದ ಮನೆಯ ದರ್ಜಿ ಕೊಟ್ಟ. ಆಮೇಲೆ ಎದುರುಮನೆಯ ಗಂಡಹೆಂಡಿರು, ಬ್ಯಾಂಕಿನಾಕೆ, ಹೀಗೇ ಬೀದಿಗೆ ಬೀದಿಯೇ ಕೊಟ್ಟಿತು. ಮೇಷ್ಟ್ರಿಗೂ ಒಳಗೊಳಗೇ ಖುಷಿ. ನಿವೃತ್ತಿಯಾದ ಮೇಲೆ ಅವರ ಮುಂದೆ ಯಾರೂ ಸಾಲಾಗಿ ನಿಂತಿರಲಿಲ್ಲ. ಈಗ ಬೆಳಗಾದರೆ ಗೇಟಿನ ಮುಂದೆ ಸಾಲು. ಕೆರೆ ಸುತ್ತಿ ಬಂದು, ಬಸ್ ಸ್ಟಾಪಿನಲ್ಲಿ ಅವರವರ ಫೋನು ಅವರವರಿಗೆ ಹಂಚುತ್ತಿದ್ದರು. ಬಸ್ಸು ಹತ್ತುವ ಮುಂಚೆ ಎಲ್ಲರೂ ತಪ್ಪದೆ ಆ್ಯಪ್ ಆಫ್ ಮಾಡುತ್ತಿದ್ದರು. ಜುಜುಬಿ ಎರಡು ಅಂಕ ಸೇರಿ ಸರಾಸರಿ ಯಾಕೆ ಕೆಡಬೇಕು ಎಂದು.

"ಇಂಥ ಬೀದಿ ನಾನು ನೋಡೇ ಇಲ್ಲ," ಅಧಿಕಾರಿ ಹೊಗಳುತ್ತಲೇ ಇದ್ದರು. "ಮೂರು ತಿಂಗಳಿಂದ ಇಲ್ಲಿ ಒಬ್ರೂ ಬಸ್ ಹತ್ತಿಲ್ಲ. ಎಲ್ಲಾ ನಡೆದೇ. ಅದೂ ಒಬ್ಬರನ್ನೊಬ್ಬರು ಬಿಡದೆ, ಒಂದೇ ದಾರಿ, ಒಂದೇ ಹೆಜ್ಜೆ. ಏನ್ ಒಗ್ಗಟ್ಟು ರೀ ನಿಮ್ದು. ನಡೆಯೋ ಜನಕ್ಕೆ ಬಸ್ ಯಾಕೆ ಅಂತ ಅದನ್ನ ಆ ಕಡೆ ಬಡಾವಣೆಗೆ ಹಾಕಿದೀವಿ. ನಿಮಗೆ ಕೆರೆ ತನಕ ಒಳ್ಳೇ ಫುಟ್‌ಪಾತ್ ಬರುತ್ತೆ."

"ಟಿಕೆಟ್ ಲೆಕ್ಕ ನೋಡ್ಲಿಲ್ವಾ ಸಾರ್?" ದರ್ಜಿ ಮೆಲ್ಲಗೆ ಕೇಳಿದ.

"ಎಲ್ಲಿಂದ ಎಲ್ಲಿಗೆ ಹೋದ್ರೂ ಒಂದೇ ರೇಟಿನ ಟಿಕೆಟ್ ಅಲ್ವೇನ್ರಿ. ಯಾರು ಎಲ್ಲಿ ಹತ್ತಿದ್ರು ಅಂತ ಅದು ಹೇಳುತ್ತಾ?"

ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಬಸ್ಸು ಹೋಗುತ್ತದೆ. ಇಡೀ ಬೀದಿಯ ಬಾಯಲ್ಲಿ ಬಿಸಿತುಪ್ಪ. ಅತಿಯಾಸೆ ಗತಿಗೇಡು ಎಂದು ಶಾಲೆಯ ಗೋಡೆಯ ಮೇಲೆ ತಾವೇ ಬರೆಸಿದ್ದ ಮೇಷ್ಟ್ರಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಮುಂದೆ ಬಂದು ಚೀಲದ ಬಾಯಿ ಅಗಲಿಸಿ ಹಿಡಿದರು.

"ತಪ್ಪು ನಮ್ದು ಸ್ವಾಮಿ. ಒಂದೇ ಹೆಜ್ಜೆ ಅಂದ್ರಲ್ಲ, ಆ ಹನ್ನೊಂದು ಜನಾನೂ ನಾನೇ."

ಅಧಿಕಾರಿ ಚೀಲದೊಳಗೆ ಇಣುಕಿದರು. ಟ್ಯಾಬ್ ನೋಡಿದರು. ಮತ್ತೆ ಚೀಲ ನೋಡಿದರು.

"ಈ ಲೆಕ್ಕ ತಪ್ಪು ಅಂತ ನಾನು ದೂರು ಕೊಡ್ತೀನಿ ಸಾರ್," ಸೊಸೆ ಮುನ್ನುಗ್ಗಿದಳು. "ನಾನು ಒಂದು ದಿನಾನೂ ನಡೆದಿಲ್ಲ."

"ನಿಮ್ಮ ಹೆಸರಲ್ಲಿ ಕೊಟ್ರೆ ಈ ಟ್ಯಾಬ್ ಒಪ್ಪಲ್ಲಮ್ಮ. ಇಲ್ನೋಡಿ, ಇವತ್ತು ಬೆಳಿಗ್ಗೆನೂ ಕೆರೆ ಸುತ್ತಿ ಬಂದಿದೀರಿ."

"ಬೆಳಿಗ್ಗೆ ನಾನು ಒಲೆ ಮುಂದೆ ಇದ್ದೆ."

"ಅದು ಒಲೆಗೆ ಗೊತ್ತು. ಇದಕ್ಕೆ ಗೊತ್ತಿಲ್ವಲ್ಲ." ಅಧಿಕಾರಿ ಕೆಟ್ಟವರೇನಲ್ಲ. ಮೇಷ್ಟ್ರ ಕಡೆ ತಿರುಗಿ ದನಿ ತಗ್ಗಿಸಿದರು. "ಯಜಮಾನ್ರೇ, ನಾನು ನಂಬ್ತೀನಿ. ಆದ್ರೆ ಬಸ್ ವಾಪಸ್ ಕೊಡೋದು ನನ್ನ ಕೈಲಿಲ್ಲ, ಇದರ ಕೈಲಿದೆ. ನಡೆದೋರು ಯಾರೋ ಅವರೇ, ನಡೆದಿದ್ದು ನಾನು ಅಂತ ತಮ್ಮ ಫೋನಿಂದ ದೂರು ಕೊಟ್ರೆ ತಗೊಳ್ಳುತ್ತೆ. ನಿಮ್ಮ ಫೋನ್ ತೆಗೀರಿ, ಈಗ್ಲೇ ಬರ್ಕೊಂಡು ಸಂಜೆಗೆ ಬಸ್ ಬರೋ ಹಾಗೆ ಮಾಡ್ತೀನಿ."

ಸೊಸೆಯ ಮುಖ ಅರಳಿತು.

"ನನ್ನ ಹತ್ರ ಫೋನಿಲ್ಲ," ಎಂದರು ಮೇಷ್ಟ್ರು.

ಅಧಿಕಾರಿ ಟ್ಯಾಬಿನಲ್ಲಿ ಬೀದಿಯ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಸರಿಸಿ ನೋಡಿದರು. ಏಣಿಯ ಮೇಲಿದ್ದವನು ಬೋರ್ಡನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ.

"ಹಾಗಾದ್ರೆ ಕಷ್ಟ ಯಜಮಾನ್ರೇ," ಎಂದರು ಅಧಿಕಾರಿ, ನಿಜವಾಗಿಯೂ ಬೇಸರದಿಂದ. "ನಮ್ಮ ಲೆಕ್ಕದಲ್ಲಿ ಈ ಬೀದೀಲಿ ಒಂದು ಹೆಜ್ಜೇನೂ ನಡೆಯದೋರು ಅಂದ್ರೆ ನೀವೊಬ್ರೇ."