ಗುಲಾಬಿ ಗೀಟು

ಆಯುಧಪೂಜೆಯ ಬೆಳಿಗ್ಗೆ ಬಿಂದುಶ್ರೀ ತನ್ನ ಸ್ಪರ್ಧೆಯ ರೈಫಲ್ಲನ್ನು ಮಂಚದ ಮೇಲೆ ಮಲಗಿಸಿ, ಕಬ್ಬಿಣವನ್ನು ಮರದ ಹಿಡಿಗೆ ಬಿಗಿದ ಎರಡು ಸ್ಕ್ರೂಗಳ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಗುಲಾಬಿ ನೇಲ್ ಪಾಲಿಶ್‌ನಲ್ಲಿ ಒಂದೊಂದು ಗೀಟು ಎಳೆದಳು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿದು ಹೇಳಿಬಿಡುತ್ತದೆ. ಭಾನುವಾರ ರಾಜ್ಯ ತಂಡದ ಆಯ್ಕೆ. ಅವಳಿಗೆ ಎದುರಾಳಿಗಳ ಭಯವಿರಲಿಲ್ಲ, ಇದ್ದದ್ದು ತಾತ ವೆಂಕಟರಾಯಪ್ಪನ ಭಯ.

ಆಯುಧಪೂಜೆ ಬಂತೆಂದರೆ ಜಡಿಗೇನಹಳ್ಳಿಯ ಆ ಮನೆಯಲ್ಲಿ ಯಾವ ಯಂತ್ರವೂ ಇಡಿಯಾಗಿ ಉಳಿಯುತ್ತಿರಲಿಲ್ಲ. ಪಂಪು, ಔಷಧಿ ಹೊಡೆಯುವ ಮಿಷನ್, ಅಡುಗೆಮನೆಯ ಮಿಕ್ಸಿ, ಎಲ್ಲವನ್ನೂ ತಾತ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ ಮೇಲೆಯೇ ಕುಂಕುಮ. ಪ್ರತಿ ಸಲವೂ ಒಂದು ಸಾಮಾನು ಮಿಕ್ಕುತ್ತಿತ್ತು. “ಕಂಪನಿಯೋರು ಒಂದು ಹೆಚ್ಚಿಗೆ ಹಾಕಿರ್ತಾರೆ,” ಎಂದು ಅದನ್ನು ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿ ತುಂಬಿ, ಈಗ ಇನ್ನೊಂದು ಶುರುವಾಗಿತ್ತು.

“ತಾತ, ಇದನ್ನ ಮಾತ್ರ ಬಿಚ್ಬೇಡ. ಮರದೊಳಗೆ ಗಾಜಿನೆಳೆ ಕಲಸಿದ ಅಂಟು ಹುಯ್ದು, ಕಬ್ಬಿಣನ ಅದರಲ್ಲೇ ಅಚ್ಚು ಕೂರಿಸಿದಾರೆ. ಸುಮ್ನೆ ಎತ್ತಿ ಇಟ್ರೆ ಹಂಗೇ ಕೂರಲ್ಲ, ಗುರಿ ತಪ್ತದೆ. ನಳಿಗೆ ನಾನೇ ಒರೆಸಿದ್ದೀನಿ, ಅಷ್ಟು ಸಾಕು. ಮೇವು ಕತ್ತರಿಸೋ ಮೋಟರ್‌ನ ಸಿಮೆಂಟಲ್ಲಿ ಕೂರಿಸಿದ್ಯಲ್ಲ, ಅದನ್ನ ವರ್ಷಾವರ್ಷ ಕೀಳ್ತೀಯಾ?”

“ಕೀಳ್ತೀನಲ್ಲ!” ಎಂದ ತಾತ ಹೆಮ್ಮೆಯಿಂದ.

“ಅದಕ್ಕೇ ಅದು ಊರಿಗೆಲ್ಲ ಕೇಳೋ ಹಂಗೆ ಬಡ್ಕೊಳ್ಳೋದು,” ಎಂದು ಅಜ್ಜಿ ಅಮ್ಮಯಮ್ಮ ಒಳಗಿನಿಂದಲೇ ಸೇರಿಸಿದಳು.

ಬಿಂದುಶ್ರೀ ಸ್ನಾನ ಮುಗಿಸಿ ಬರುವಷ್ಟರಲ್ಲಿ ರೈಫಲ್ಲು ಕುಡುಗೋಲಿನ ಪಕ್ಕದಲ್ಲಿ ವಿಭೂತಿ ಬಳಿದುಕೊಂಡು ಕುಳಿತಿತ್ತು. ಅವಳು ಮೊದಲು ನೋಡಿದ್ದು ಗೀಟುಗಳನ್ನು. ಎರಡೂ ನೆಟ್ಟಗಿದ್ದವು. ತಾತನನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ತಾತ ಮಾತ್ರ ಮಂಗಳಾರತಿಯನ್ನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈಗೆ ಟವಲ್ ಸುತ್ತಿತ್ತು. ಕುಡುಗೋಲು ತಗುಲಿತು ಎಂದ.

ಮರುದಿನ ಕ್ಲಬ್ಬಿನಲ್ಲಿ, ಅಂಗಿ ಗುಂಡಿಯೊಂದು ಮುಚ್ಚುವಷ್ಟು ಜಾಗದಲ್ಲಿ ಬೀಳುತ್ತಿದ್ದ ಅವಳ ಗುಂಡುಗಳು ಎರಚಿದ ರಾಗಿಯ ಹಾಗೆ ಹರಡಿಕೊಂಡವು. ಉಸಿರು ಹಿಡಿದು ಹೊಡೆದಳು, ನೀರು ಕುಡಿದು ಬಂದು ಹೊಡೆದಳು. ಗೀಟುಗಳು ಮಾತ್ರ ನೆಟ್ಟಗೇ ಇದ್ದವು.

ಸಂಜೆ ಜಗಲಿಯ ಮೇಲೆ ಅಜ್ಜಿಯ ಪಕ್ಕ ಕುಳಿತು ಅತ್ತೇಬಿಟ್ಟಳು. “ಭಾನುವಾರ ನಾನು ಹೋಗಲ್ಲ ಅಜ್ಜಿ. ರೈಫಲ್ ಸರಿಯಾಗೇ ಇದೆ. ನನ್ನ ಕೈಯೇ ಹೋಯ್ತು.”

ಬಲಗೈಯ ಟವಲ್ ಇನ್ನೂ ಬಿಚ್ಚದೆ, ಎಡಗೈಯ ಚಮಚದಲ್ಲಿ ಅನ್ನ ತಿನ್ನಲು ಒದ್ದಾಡುತ್ತಿದ್ದ ತಾತ ತಟ್ಟೆಯನ್ನು ಪಕ್ಕಕ್ಕಿಟ್ಟ. ಮೊಮ್ಮಗಳು ತನ್ನನ್ನು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ನಿನ್ ಕೈ ನೆಟ್ಟಗೈತೆ ಕಣಮ್ಮ,” ಎಂದು ಮೆಲ್ಲಗೆ ಟವಲ್ ಬಿಚ್ಚಿದ. ಗಾಯವಿರಲಿಲ್ಲ. ಬೆರಳುಗಳ ತುಂಬ ಗುಲಾಬಿ ನೇಲ್ ಪಾಲಿಶ್, ಅಂಗೈ ಮೇಲೆ ತೆಳ್ಳನೆಯ ಒಂದು ವಾಷರ್.

“ಈ ಸಲ ಕಂಪನಿಯೋರು ಹೆಚ್ಚಿಗೆ ಹಾಕಿರ್ಲಿಲ್ಲ ಅಂತ ಕಾಣ್ತದೆ.”